ಹಳೇ ಸಿಸ್ಟಂಗೆ ವಿಂಡೋಸ್ 11: ಹಾಕೋದು ಹಾಕ್ಬೋದು, ಆಮೇಲೆ ನೋಡ್ಕೊಳ್ಳೋರು ಯಾರು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಗೆ ಬರ್ತಿದ್ದ ಫ್ರೀ ಅಪ್‌ಡೇಟ್ ನಿಂತೋಯ್ತು. ಅವತ್ತಿಂದ ಮೈಸೂರು, ಮಂಡ್ಯ ಕಡೆ ಡಿಟಿಪಿ ಅಂಗಡಿ, ಆಡಿಟರ್ ಆಫೀಸು, ರೈಸ್ ಮಿಲ್ಲು, ಮನೆ ಹಾಲ್‌ನ ಮೂಲೇಲಿ ಟವಲ್ ಹೊದ್ಕೊಂಡು ಕೂತಿರೋ ಡೆಸ್ಕ್‌ಟಾಪು, ಎಲ್ಲಾ ಕಡೆ ಒಂದೇ ಗೊಂದಲ. ಒಬ್ರು "ಇನ್ಮೇಲೆ ಸಿಸ್ಟಮ್ಮೇ ಆನ್ ಆಗಕಿಲ್ವಂತೆ ಕಣಣ್ಣ" ಅಂತಾರೆ, ಇನ್ನೊಬ್ರು "ಏನೂ ಆಗಲ್ಲ, ಸುಮ್ನೆ ಹೆದರಿಸ್ತಾರೆ" ಅಂತಾರೆ, ಮೂರನೆಯವ್ರು ಪೆನ್‌ಡ್ರೈವ್ ಜೇಬಲ್ಲಿಟ್ಕೊಂಡೇ ಓಡಾಡ್ತಿರ್ತಾರೆ, "ಸಪೋರ್ಟ್ ಇಲ್ದಿದ್ರೂ ಪರ್ವಾಗಿಲ್ಲ, ಅರ್ಧ ಗಂಟೇಲಿ 11 ಹೊಡ್ಕೊಡ್ತೀನಿ". ಮೊದಲನೆಯವ್ರ ಮಾತು ಪೂರ್ತಿ ಸುಳ್ಳು. ಉಳಿದ ಇಬ್ರ ಮಾತೂ ಅರ್ಧರ್ಧ ನಿಜ, ಆ ಉಳಿದರ್ಧದಲ್ಲೇ ತೊಂದರೆ ಇರೋದು.

ನಿಂತಿದ್ದೇನು, ನಿಲ್ಲದೇ ಇರೋದೇನು

ಅಕ್ಟೋಬರ್ 15ರ ಬೆಳಿಗ್ಗೆ ವಿಂಡೋಸ್ 10 ಸಿಸ್ಟಮ್ಮು ಎಂದಿನ ಹಾಗೇ ಆನ್ ಆಯ್ತು, ಟ್ಯಾಲಿ ಓಪನ್ ಆಯ್ತು, ಪ್ರಿಂಟೂ ಬಂತು. ನಿಂತಿದ್ದು ಪ್ರತಿ ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್ ಬಿಡುಗಡೆ ಮಾಡೋ ಸೆಕ್ಯೂರಿಟಿ ಪ್ಯಾಚು, ಅಂದ್ರೆ ಕಳ್ಳರು ನುಗ್ಗೋ ತೂತು ಮುಚ್ಚೋ ರಿಪೇರಿ.

ಇದು ನಿಂತ್ರೆ ಏನಾಗುತ್ತೆ ಅನ್ನೋದು ಸ್ವಲ್ಪ ಸುತ್ತಿ ಬಳಸಿ ಅರ್ಥ ಆಗೋ ವಿಷಯ, ಅದಕ್ಕೇ ಜನಕ್ಕೆ ನಂಬಿಕೆ ಬರಲ್ಲ. ವಿಂಡೋಸ್ 10 ಮತ್ತು 11 ಎರಡರ ಒಳಗಡೆ ಕೋಡ್ ತುಂಬಾ ಕಡೆ ಒಂದೇ, 11 ಅನ್ನೋದು ಬೇರೆ ಮನೆ ಏನಲ್ಲ, ಅದೇ ಮನೆಗೆ ಬಣ್ಣ ಹೊಡೆದು ಒಂದೆರಡು ರೂಂ ಜಾಸ್ತಿ ಕಟ್ಟಿರೋದು. ಹಾಗಾಗಿ 11ರಲ್ಲಿ ಒಂದು ತೂತು ಸಿಕ್ರೆ ಅದೇ ತೂತು 10ರಲ್ಲೂ ಇರೋ ಸಾಧ್ಯತೆ ಜಾಸ್ತಿ. ಮೈಕ್ರೋಸಾಫ್ಟ್ 11ಕ್ಕೆ ಪ್ಯಾಚ್ ಬಿಡುತ್ತೆ, ಆ ಪ್ಯಾಚ್ ಎಲ್ಲರ ಕೈಗೂ ಸಿಗುತ್ತೆ, ಕೆಡುಕು ಮಾಡೋರು ಪ್ಯಾಚಿಗೆ ಮುಂಚಿನ ಫೈಲು ಪ್ಯಾಚ್ ಆದ್ಮೇಲಿನ ಫೈಲು ಪಕ್ಕಪಕ್ಕ ಇಟ್ಕೊಂಡು ಎಲ್ಲಿ ಬದಲಾಗಿದೆ ಅಂತ ನೋಡ್ತಾರೆ. ಬದಲಾದ ಜಾಗ ಅಂದ್ರೆ ತೂತಿದ್ದ ಜಾಗ. 11ರಲ್ಲಿ ಅದು ಮುಚ್ಚಿದೆ, 10ರಲ್ಲಿ ಹಾಗೇ ಬಾಯ್ಬಿಟ್ಕೊಂಡಿದೆ. ಅಂದ್ರೆ ಹೊಸದಕ್ಕೆ ಬರೋ ಪ್ರತಿ ಪ್ಯಾಚೂ ಹಳೇದರ ವಿಳಾಸ ಬರ್ಕೊಟ್ಟ ಹಾಗೆ. ಒಂದೇ ದಿನದಲ್ಲಿ ಏನೂ ಆಗಲ್ಲ, ತಿಂಗಳು ತಿಂಗಳಿಗೂ ತೂತುಗಳ ಪಟ್ಟಿ ಉದ್ದ ಆಗ್ತಾ ಹೋಗುತ್ತೆ ಅಷ್ಟೇ.

ಇದರ ಪರಿಣಾಮ ಎಷ್ಟರ ಮಟ್ಟಿಗೆ ಹೋಗ್ಬೋದು ಅನ್ನೋದಕ್ಕೆ 2017ರ ಮೇ ತಿಂಗಳಲ್ಲಿ ಫೈಲ್ ಲಾಕ್ ಮಾಡಿ ದುಡ್ಡು ಕೇಳಿದ ವನ್ನಾಕ್ರೈ ವೈರಸ್ ನೆನಪು ಮಾಡ್ಕೊಳ್ಳಿ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ಆಪರೇಷನ್ ಮುಂದಕ್ಕೆ ಹಾಕ್ಬೇಕಾಗಿ ಬಂತು, ಇಲ್ಲೇ ಪಕ್ಕದ ಆಂಧ್ರದಲ್ಲಿ ಪೊಲೀಸ್ ಇಲಾಖೆಯ ಕಂಪ್ಯೂಟರುಗಳೂ ಸಿಕ್ಕಾಕ್ಕೊಂಡವು. ಎಕ್ಸ್‌ಪಿಗೆ ಸಪೋರ್ಟ್ ಮುಗಿದು ಮೂರು ವರ್ಷ ಆಗಿದ್ರೂ ಮೈಕ್ರೋಸಾಫ್ಟ್ ಗಾಬರಿಯಲ್ಲಿ ಅದಕ್ಕೂ ಒಂದು ಪ್ಯಾಚ್ ಬಿಡ್ತು. ಆದ್ರೆ ಬಹಳ ಜನಕ್ಕೆ ಗೊತ್ತಿಲ್ದೇ ಇರೋದು ಏನಂದ್ರೆ, ಅವತ್ತು ಏಟು ತಿಂದವ್ರಲ್ಲಿ ಹೆಚ್ಚಿನವ್ರ ಹತ್ರ ಇದ್ದದ್ದು ವಿಂಡೋಸ್ 7, ಅದಕ್ಕೆ ಆಗ ಸಪೋರ್ಟ್ ಇತ್ತು, ಮಾರ್ಚಲ್ಲೇ ಪ್ಯಾಚ್ ಬಂದಿತ್ತು. ಹಾಕ್ಕೊಂಡಿರ್ಲಿಲ್ಲ. ನಮ್ಮ ಕಡೆ ಸಿಸ್ಟಂ ಸ್ಲೋ ಆಗುತ್ತೆ, ನೆಟ್ ತಿನ್ನುತ್ತೆ ಅಂತ ಫಾರ್ಮ್ಯಾಟ್ ಹೊಡೆದ ತಕ್ಷಣ ಅಪ್‌ಡೇಟ್ ಆಫ್ ಮಾಡಿಕೊಡೋದು ಒಂದು ಸರ್ವಿಸ್ ಥರಾನೇ ನಡೀತಾ ಬಂದಿದೆ. ಅಂಥ ಸಿಸ್ಟಮ್ಮಿಗೆ ಅಕ್ಟೋಬರ್ 14 ಬಂದದ್ದೂ ಗೊತ್ತಿಲ್ಲ ಹೋದದ್ದೂ ಗೊತ್ತಿಲ್ಲ, ಅದರ ಸಪೋರ್ಟ್ ಯಾವತ್ತೋ ಮುಗಿದಿದೆ.

ಎರಡನೇ ಪರಿಣಾಮ ನಿಧಾನವಾಗಿ ಬರುತ್ತೆ. ವಿಂಡೋಸ್ 7 ಸಪೋರ್ಟ್ ನಿಂತಿದ್ದು 2020ರ ಜನವರಿ 14ಕ್ಕೆ, ಕ್ರೋಮ್ ಅದನ್ನ ಕೈಬಿಟ್ಟಿದ್ದು 2023ರ ಫೆಬ್ರವರೀಲಿ. ಮೂರು ವರ್ಷ ಎಲ್ಲಾ ನಡೀತು, ಆಮೇಲೆ ಒಂದೊಂದೇ ಸೈಟು "ನಿಮ್ಮ ಬ್ರೌಸರ್ ಹಳೇದು" ಅನ್ನೋಕೆ ಶುರು ಮಾಡ್ತು. 10ಕ್ಕೂ ಇದೇ ದಾರಿ. ಎಡ್ಜ್ ಬ್ರೌಸರಿಗೆ ಕನಿಷ್ಠ 2028ರ ಅಕ್ಟೋಬರ್ ತನಕ ಅಪ್‌ಡೇಟ್ ಕೊಡ್ತೀವಿ ಅಂತ ಕಂಪನಿ ಹೇಳಿದೆ, ವಿಂಡೋಸ್ ಜೊತೆಗೇ ಬರೋ ಆಂಟಿವೈರಸ್ ಡಿಫೆಂಡರಿಗೂ ವೈರಸ್ ಪಟ್ಟಿ ಅಲ್ಲೀವರ್ಗೂ ಬರುತ್ತೆ. "ಆಂಟಿವೈರಸ್ ಇದೆಯಲ್ಲ, ಸಾಕು" ಅನ್ನೋರು ಇದನ್ನೇ ಹಿಡ್ಕೊಂಡು ಕೂತಿರೋದು. ವಾಚ್‌ಮನ್ ಇರೋದು ಒಳ್ಳೇದೇ, ಹಿಂದಿನ ಬಾಗಿಲ ಚಿಲಕ ಕಿತ್ತೋಗಿದ್ರೆ ಪಾಪ ಅವನೆಷ್ಟು ನೋಡ್ಕೋತಾನೆ.

11ಕ್ಕೆ ಯಾಕಿಷ್ಟು ಮಡಿ

2021ರ ಅಕ್ಟೋಬರ್ 5ಕ್ಕೆ ಬಂದ ವಿಂಡೋಸ್ 11 ಕೇಳೋ ರ‍್ಯಾಮ್ 4 ಜಿಬಿ, ಜಾಗ 64 ಜಿಬಿ, ಇದು ದೊಡ್ಡ ವಿಷಯ ಅಲ್ಲ. ಸಿಗಾಕ್ಕೊಳ್ಳೋದು ಇನ್ನೂ ಮೂರು ಕಡೆ: ಟಿಪಿಎಂ 2.0 ಇರ್ಬೇಕು, ಸೆಕ್ಯೂರ್ ಬೂಟ್ ಆಗೋ ಯುಇಎಫ್ಐ (ವಿಂಡೋಸಿಗೆ ಮುಂಚೆ ಸಿಸ್ಟಂ ಶುರು ಮಾಡೋ ಬಯೋಸಿನ ಹೊಸ ಬಗೆ) ಇರ್ಬೇಕು, ಪ್ರೊಸೆಸರ್ ಹೆಚ್ಚುಕಮ್ಮಿ ಇಂಟೆಲ್ 8ನೇ ಜನರೇಷನ್ ಇಲ್ಲಾ ಎಎಂಡಿ ರೈಜೆನ್ 2000 ಸೀರೀಸಿಂದ ಈಚೆಗಿರ್ಬೇಕು.

ಟಿಪಿಎಂ ಅಂದ್ರೆ ಬೀಗದಕೈ ಇಡೋ ಸಣ್ಣ ತಿಜೋರಿ, ಬೇರೆ ಚಿಪ್ಪಾಗಿರ್ಬೋದು ಇಲ್ಲಾ ಪ್ರೊಸೆಸರ್ ಒಳಗೇ ಇರ್ಬೋದು. ಡಿಸ್ಕ್ ಲಾಕ್ ಮಾಡೋ ಬಿಟ್‌ಲಾಕರ್ ಕೀ, ಪಿನ್ನು, ಬೆರಳಚ್ಚು ಲಾಗಿನ್ನು ಇದರ ಭರವಸೆ ಮೇಲೆ ನಡೆಯುತ್ತೆ. ಸೆಕ್ಯೂರ್ ಬೂಟ್ ಮಾಡೋದು ಇನ್ನೊಂದು ಕೆಲ್ಸ, ವಿಂಡೋಸ್ ಶುರು ಆಗೋಕೆ ಮುಂಚೆ ಲೋಡ್ ಆಗೋ ಪ್ರೋಗ್ರಾಂಗೆ ಸರಿಯಾದ ಸಹಿ ಇದ್ಯಾ ಅಂತ ನೋಡುತ್ತೆ, ಇಲ್ಲಾಂದ್ರೆ ಒಳಗೇ ಬಿಡಲ್ಲ.

ಪ್ರೊಸೆಸರ್ ಷರತ್ತು ಮಾತ್ರ ಜಗಳಗಂಟ. (ಅಂದಹಾಗೆ ನಮ್ ಕಡೆ ಸಿಪಿಯು ಅಂದ್ರೆ ಇಡೀ ಡಬ್ಬ, ಇಲ್ಲಿ ಹೇಳ್ತಿರೋದು ಒಳಗಿರೋ ಚಿಪ್ಪಿನ ಕಥೆ.) ಒಂದೇ ಅಂಗಡೀಲಿ ಒಂದೇ ಥರ ಕಾಣೋ ಎರಡು ಲ್ಯಾಪ್‌ಟಾಪ್ ಅಂದ್ಕೊಳ್ಳಿ, ಒಂದ್ರಲ್ಲಿ ಐ5-7200ಯು ಅಂತ ಇದೆ, ಇನ್ನೊಂದ್ರಲ್ಲಿ ಐ5-8250ಯು. ನಂಬರಿನ ಮೊದಲ ಅಂಕಿ 7 ಇದ್ರೆ ಏಳನೇ ಜನರೇಷನ್, 8 ಇದ್ರೆ ಎಂಟನೇದು. ಎಂಟನೇದ್ರಲ್ಲಿ ಕೋರ್ ಎರಡರ ಬದ್ಲು ನಾಲ್ಕಿವೆ ನಿಜ, ಆದ್ರೆ ಆ ಒಂದೊಂದು ಕೋರಿನ ವಿನ್ಯಾಸ ಹೆಚ್ಚುಕಮ್ಮಿ ಅದೇ. ಆದ್ರೂ ಒಂದು ಒಳಗೆ, ಇನ್ನೊಂದು ಹೊರಗೆ. 2017ರಲ್ಲಿ ಮಗಳ ಡಿಗ್ರಿಗೆ ಅಂತ ಕೊಂಡ ಲ್ಯಾಪ್‌ಟಾಪು ಪಾಸೋ ಫೇಲೋ ಅನ್ನೋದು ಆ ಒಂದು ಅಂಕಿ ಮೇಲೆ ನಿಂತಿದೆ.

ಎರಡೂ ಕಡೆಯವ್ರ ವಾದ

ಮೈಕ್ರೋಸಾಫ್ಟ್ ಹೇಳೋದು ಎರಡು ಕಾರಣ. ಒಂದು ಸೆಕ್ಯೂರಿಟಿ: ವಿಂಡೋಸಿನ ಮುಖ್ಯ ಭಾಗವನ್ನ ಒಂದು ಬೇರೆ ಕೋಣೆಯಲ್ಲಿಟ್ಟು ಕಾಯೋ ವ್ಯವಸ್ಥೆ ಇದೆ, ಅದಕ್ಕೆ ಬೇಕಾದ ಸೌಲಭ್ಯ ಹಳೇ ಪ್ರೊಸೆಸರಲ್ಲಿ ಇರಲ್ಲ, ಸಾಫ್ಟ್‌ವೇರಲ್ಲೇ ಮಾಡಿಸೋಕೆ ಹೋದ್ರೆ ಸಿಸ್ಟಂ ಎಳೆಯುತ್ತೆ. ಎರಡನೇದು ಸ್ಥಿರತೆ: 2021ರ ಆಗಸ್ಟಲ್ಲಿ ಕಂಪನಿ ಕೊಟ್ಟ ಲೆಕ್ಕದ ಪ್ರಕಾರ ಷರತ್ತಿಗೆ ಹೊಂದದ ಸಿಸ್ಟಂಗಳಲ್ಲಿ ನೀಲಿ ಸ್ಕ್ರೀನ್ ಥರದ ಒಳಗಿನ ಕ್ರ್ಯಾಶು 52% ಜಾಸ್ತಿ ಇತ್ತು, ಹೊಂದೋ ಸಿಸ್ಟಂಗಳಲ್ಲಿ 99.8% ಕ್ರ್ಯಾಶ್ ಇಲ್ಲದ ಅನುಭವ. 52% ಜಾಸ್ತಿ ಅಂದ್ರೆ ಕೇಳೋಕೆ ಭಯ, ಆದ್ರೆ 0.2ರ ಮೇಲೆ ಅರ್ಧ ಸೇರಿಸಿದ್ರೆ 0.3 ಆಗುತ್ತೆ ಅಷ್ಟೇ ಅಂತ ಆವಾಗ್ಲೇ ಜನ ಕಾಗುಣಿತ ಹೇಳ್ಕೊಟ್ರು. ಲೆಕ್ಕ ಅಷ್ಟು ನೇರ ಇಲ್ಲದೇ ಇರ್ಬೋದು, ಆದ್ರೂ ಮಾತಿನಲ್ಲಿ ಹುರುಳಿದೆ.

ವಿರೋಧ ಮಾಡೋರಿಗೆ ಇನ್ನೂ ಗಟ್ಟಿ ಸಾಕ್ಷಿ ಕಂಪನಿಯ ಪಟ್ಟಿಯಲ್ಲೇ ಸಿಗುತ್ತೆ. ಆ ಕಾವಲು ಕೋಣೆಗೆ ಬೇಕಾದ ಸೌಲಭ್ಯ ಇಂಟೆಲಲ್ಲಿ ಏಳನೇ ಜನರೇಷನ್ನಿಂದಲೇ ಇದೆ, ಎಎಂಡಿಯಲ್ಲಿ ಬಂದಿದ್ದು ಜೆನ್ 2 ಅನ್ನೋ, ರೈಜೆನ್ 2000ಕ್ಕಿಂತ ಆಮೇಲಿನ ವಿನ್ಯಾಸದಿಂದ. ಹಾಗಿದ್ದೂ ಇಂಟೆಲ್ ಏಳನೇದನ್ನ ಹೊರಗಿಟ್ಟು, ಅದಿಲ್ಲದ ರೈಜೆನ್ 2000ನ ಒಳಗೆ ಬಿಟ್ಕೊಂಡಿದಾರೆ. ಏಳನೇ ಜನರೇಷನ್ನಲ್ಲಿ ದುಬಾರಿ ಎಕ್ಸ್ ಸೀರೀಸ್ ಬಿಟ್ರೆ ಐ7-7820ಎಚ್‌ಕ್ಯೂ ಅನ್ನೋ ಒಂದಕ್ಕೆ ಮಾತ್ರ ವಿನಾಯಿತಿ ಸಿಕ್ತು, ಅದು ಕೂತಿದ್ದು ಮೈಕ್ರೋಸಾಫ್ಟೇ ಮಾರ್ತಿದ್ದ ಸರ್ಫೇಸ್ ಸ್ಟುಡಿಯೋ 2ರಲ್ಲಿ. ಟೆಕ್ನಿಕಲ್ ಕಾರಣವೇ ಪೂರ್ತಿ ಕಾರಣ ಆಗಿದ್ರೆ ಗೆರೆ ಹೀಗೆ ಬೀಳ್ತಿರ್ಲಿಲ್ಲ, ಎಲ್ಲೋ ಒಂದು ಕಡೆ ಗೆರೆ ಎಳೀಬೇಕಿತ್ತು, ತಮಗೆ ಅನುಕೂಲ ಆದ ಕಡೆ ಎಳೆದ್ರು ಅನ್ಸುತ್ತೆ.

ಇನ್ನೊಂದು ವಾದ ಕಸದ್ದು. ಕ್ಯಾನಲಿಸ್ ಅನ್ನೋ ಮಾರುಕಟ್ಟೆ ಸಂಶೋಧನಾ ಸಂಸ್ಥೆ 2023ರ ಡಿಸೆಂಬರಲ್ಲಿ ಅಂದಾಜು ಮಾಡಿದ್ದು, ಈ ಒಂದು ನಿರ್ಧಾರದಿಂದ ಪ್ರಪಂಚದಲ್ಲಿ ಸುಮಾರು 24 ಕೋಟಿ ಪಿಸಿ ಗುಜರಿ ಸೇರ್ಬೋದು ಅಂತ. ಯುರೋಪಲ್ಲಿ ಗ್ರಾಹಕ ಸಂಘಟನೆಗಳು ಗಲಾಟೆ ಮಾಡಿದ್ವು, ಅಲ್ಲಿನವ್ರಿಗೆ ವಿಂಡೋಸ್ 10ರ ಒಂದು ವರ್ಷದ (ವಿವರ ಮುಂದಿದೆ) ಹೆಚ್ಚುವರಿ ಅಪ್‌ಡೇಟು ಬ್ಯಾಕಪ್ ಷರತ್ತಿಲ್ಲದೇ ಫ್ರೀ ಆಯ್ತು. ನಮಗೆ ಷರತ್ತಿನ ಜೊತೆ. ಕೇಳಿದೋರಿಗೆ ಸಿಕ್ತು, ಇನ್ನೇನು ಹೇಳೋದು.

ಫೇಲ್ ಅಂತ ಬಂದ್ರೂ ಫೇಲ್ ಅಲ್ದೇ ಇರ್ಬೋದು

ಷರತ್ತು ತಪ್ಪಿಸಿ 11 ಹಾಕೋ ಬೈಪಾಸ್ ಮಾತಿಗೆ ಹೋಗೋಕೆ ಮುಂಚೆ ಇದೊಂದು ನೋಡ್ಲೇಬೇಕು, ಯಾಕಂದ್ರೆ ಅಸೆಂಬಲ್ ಮಾಡ್ಸಿದ ಸಿಸ್ಟಂಗಳು ಎಷ್ಟೋ ಸಲ ಸುಮ್ಸುಮ್ನೆ ಫೇಲ್ ಆಗಿರ್ತವೆ. ದೊಡ್ಡ ಬ್ರ್ಯಾಂಡುಗಳ ಹೊಸ ಮಾಡೆಲ್ಲಿಗೆ ಟಿಪಿಎಂ 2.0 ಇರ್ಲೇಬೇಕು ಅಂತ ಮೈಕ್ರೋಸಾಫ್ಟ್ 2016ರ ಜುಲೈನಿಂದ ಕಡ್ಡಾಯ ಮಾಡಿತ್ತು. ಅಸೆಂಬಲ್ಡ್ ಸಿಸ್ಟಂಗೆ ಆ ಕಡ್ಡಾಯ ಇಲ್ಲ. ಮದರ್‌ಬೋರ್ಡಲ್ಲಿ ಟಿಪಿಎಂ ಇರುತ್ತೆ, ಆಫ್ ಆಗಿರುತ್ತೆ.

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರೋ ಪುಟಾಣಿ ಡಬ್ಬೀಲಿ ಟಿಪಿಎಂ ಡಾಟ್ ಎಂಎಸ್‌ಸಿ (tpm.msc) ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಎಂಟರ್ ಹೊಡೀರಿ. ಟಿಪಿಎಂ ಸಿಗ್ಲಿಲ್ಲ ಅಂತ ಬಂದ್ರೆ ಬಯೋಸ್ ಒಳಗೆ ಹೋಗಿ ನೋಡ್ಬೇಕು, ಇಂಟೆಲ್ ಬೋರ್ಡಲ್ಲಿ ಅದರ ಹೆಸ್ರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಆನ್ ಮಾಡಿದ್ರೆ ಎಂಟನೇ ಜನರೇಷನ್ ಸಿಸ್ಟಂ ಅಲ್ಲಿಗೇ ಪಾಸ್ ಆಗ್ಬೋದು.

ಸೆಕ್ಯೂರ್ ಬೂಟ್ ಕಥೆ ಸ್ವಲ್ಪ ಉದ್ದ. ಹಳೇ ಅಭ್ಯಾಸದಲ್ಲಿ ವಿಂಡೋಸ್ ಹಾಕಿರೋರು ಲೆಗಸಿ ಅನ್ನೋ ಹಳೇ ಬಯೋಸ್ ಮೋಡಲ್ಲಿ, ಎಂಬಿಆರ್ ಅನ್ನೋ ಹಳೇ ಪದ್ಧತಿಯ ಡಿಸ್ಕಿಗೆ ಹಾಕಿರ್ತಾರೆ. ಬಯೋಸಲ್ಲಿ ಹೋಗಿ ನೇರ ಯುಇಎಫ್ಐ ಅಂತ ಬದಲಾಯಿಸಿದ್ರೆ ವಿಂಡೋಸ್ ಬೂಟೇ ಆಗಲ್ಲ, ಆಗ "ಸಿಸ್ಟಂ ಹೋಯ್ತು" ಅಂತ ಗಾಬರಿ. ಮೊದ್ಲು ಡಿಸ್ಕನ್ನ ಜಿಪಿಟಿ ಅನ್ನೋ ಹೊಸ ಪದ್ಧತಿಗೆ ಬದಲಾಯಿಸ್ಬೇಕು, ವಿಂಡೋಸ್ 10 ಒಳಗೇ ಎಂಬಿಆರ್2ಜಿಪಿಟಿ ಅನ್ನೋ ಕಮಾಂಡ್ ಇದೆ, ಡೇಟಾ ಅಳಿಸ್ದೇ ಮಾಡುತ್ತೆ, ಆಮೇಲೆ ಬಯೋಸ್. ಈ ಅನುಕ್ರಮ ತಪ್ಪಬಾರದು. ತುಂಬಾ ಹಳೇ ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೆ ಲೆಗಸಿ ಆಫ್ ಮಾಡಿದ್ಮೇಲೆ ಸ್ಕ್ರೀನೇ ಬರದೇ ಇರೋದೂ ಉಂಟು, ಕಾರ್ಡ್ ಕಿತ್ತು ಬೋರ್ಡಿಗೇ ಮಾನಿಟರ್ ಚುಚ್ಚಿ ನೋಡಿ. ಬಿಟ್‌ಲಾಕರ್ ಆನ್ ಇದ್ರೆ ಬಯೋಸ್ ಮುಟ್ಟೋಕೆ ಮುಂಚೆ ರಿಕವರಿ ಕೀ ಕೈಯಲ್ಲಿರ್ಲಿ, ಅದಿಲ್ದಿದ್ರೆ ಮದುವೆ ಫೋಟೋನೂ ಇಲ್ಲ ಲೆಕ್ಕಾನೂ ಇಲ್ಲ.

ಬೈಪಾಸ್ ಅಂದ್ರೆ ಏನ್ ಮಾಡ್ತಾರೆ

ನಿಜವಾಗ್ಲೂ ಏಳನೇ ಜನರೇಷನ್ನೋ ಅದಕ್ಕಿಂತ ಹಳೇದೋ ಆಗಿದ್ರೆ ಬೈಪಾಸು. ಹೆಸ್ರು ಕೇಳೋಕೆ ಹಾರ್ಟ್ ಆಪರೇಷನ್ ಥರ ಇದೆ, ಒಳಗೆ ಅಂಥದ್ದೇನಿಲ್ಲ. ಸೆಟಪ್ ಶುರುವಲ್ಲಿ ಒಂದು ಚೆಕಿಂಗ್ ಇರುತ್ತೆ, ಆ ಚೆಕಿಂಗ್ ಮಾಡ್ಬೇಡ ಅಂತ ವಿಂಡೋಸ್ ತನ್ನ ಸೆಟ್ಟಿಂಗ್ ಬರ್ಕೊಳ್ಳೋ ರಿಜಿಸ್ಟ್ರಿಯಲ್ಲಿ ಒಂದೆರಡು ಸಾಲು ಬರೀತಾರೆ. ರೂಫಸ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಪೆನ್‌ಡ್ರೈವ್ ರೆಡಿ ಮಾಡುವಾಗ ಟಿಪಿಎಂ, ಸೆಕ್ಯೂರ್ ಬೂಟ್, ರ‍್ಯಾಮ್ ಷರತ್ತು ತೆಗೀಲಾ ಅಂತ ಅದೇ ಕೇಳುತ್ತೆ, ಒಂದು ಟಿಕ್ ಹಾಕಿದ್ರೆ ಆಯ್ತು. ತಮಾಷೆ ಅಂದ್ರೆ ಟಿಪಿಎಂ 1.2 ಇರೋ ಸಿಸ್ಟಂಗೆ ಇಂಥದ್ದೇ ಒಂದು ರಿಜಿಸ್ಟ್ರಿ ದಾರೀನ ಮೈಕ್ರೋಸಾಫ್ಟೇ ತನ್ನ ಸಪೋರ್ಟ್ ಪೇಜಲ್ಲಿ ಬರೆದಿತ್ತು, 2025ರ ಶುರುವಲ್ಲಿ ಸದ್ದಿಲ್ದೇ ಅಳಿಸಿ ಹಾಕ್ತು.

ವಿಂಡೋಸ್ 10 ಅಸಲಿ ಆಗಿ ಆ್ಯಕ್ಟಿವೇಟ್ ಆಗಿದ್ರೆ ಅದೇ ಲೈಸೆನ್ಸು 11ಕ್ಕೂ ನಡೆಯುತ್ತೆ, ಹೊಸ ಕೀ ಕೊಳ್ಳೋದು ಬೇಡ. ಹಾಗಾಗಿ "ಕ್ರ್ಯಾಕ್ ಹಾಕ್ಕೊಡ್ತೀನಿ" ಅನ್ನೋರು ಬಂದ್ರೆ ಮೊದ್ಲು ಇದನ್ನ ಕೇಳಿ. ಕ್ರ್ಯಾಕ್ ಕೂರ್ಬೇಕಂದ್ರೆ ಸಾಮಾನ್ಯವಾಗಿ ಡಿಫೆಂಡರ್ ಆಫ್ ಮಾಡ್ತಾರೆ, ಸೆಕ್ಯೂರಿಟಿಗೋಸ್ಕರ 11 ಹಾಕ್ಸೋಕೆ ಹೋಗಿ ಸೆಕ್ಯೂರಿಟಿ ಆಫ್ ಮಾಡ್ಸ್ಕೊಂಡು ಬರೋದು ಯಾವ ಸಂಪತ್ತಿಗೆ. ಟೈನಿ11 ಥರದ ಕತ್ತರಿಸಿ ಚಿಕ್ಕದು ಮಾಡಿರೋ ವಿಂಡೋಸನ್ನೂ ಕೆಲವ್ರು ಹಾಕ್ತಾರೆ, 4 ಜಿಬಿಯಲ್ಲಿ ಹಗುರವಾಗಿ ಓಡುತ್ತೆ ನಿಜ, ಅದರಲ್ಲಿ ಕೋರ್ ಅನ್ನೋ ಬಗೆಗೆ ಅಪ್‌ಡೇಟೇ ಆಗಲ್ಲ ಅಂತ ಮಾಡಿದವ್ರೇ ಹೇಳಿದಾರೆ. ಪರೀಕ್ಷೆಗೆ ಸರಿ, ಲೆಕ್ಕಪತ್ರ ಇಡೋ ಸಿಸ್ಟಂಗಲ್ಲ.

ಹಾಕಿದ ದಿನ ಅಲ್ಲ, ಮುಂದಿನ ವರ್ಷ ನೋಡಿ

ಈ ಲೇಖನದ ಮುಖ್ಯ ಮಾತು ಇಲ್ಲಿದೆ. ಬೈಪಾಸ್ ಮಾಡಿದ ಸಿಸ್ಟಮ್ಮು ಅರ್ಧ ಗಂಟೇಲಿ ರೆಡಿ ಆಗುತ್ತೆ, ಸ್ಟಾರ್ಟ್ ಬಟನ್ ಮಧ್ಯಕ್ಕೆ ಬಂದಿರುತ್ತೆ, ಎಸ್ಎಸ್‌ಡಿ ಇದ್ರೆ ಚೆನ್ನಾಗೂ ಓಡುತ್ತೆ. ಸಪೋರ್ಟ್ ಇಲ್ಲದ ಸಿಸ್ಟಂಗೆ ಅಪ್‌ಡೇಟ್ ಕೊಡೋ ಗ್ಯಾರಂಟಿ ಇಲ್ಲ, ಸೆಕ್ಯೂರಿಟಿ ಅಪ್‌ಡೇಟೂ ಸೇರಿ, ಅಂತ ಮೈಕ್ರೋಸಾಫ್ಟ್ ಬರ್ಕೊಂಡಿದೆ. ವಾಸ್ತವದಲ್ಲಿ ತಿಂಗಳ ಪ್ಯಾಚುಗಳು ಇಲ್ಲೀವರ್ಗೂ ಬರ್ತಾನೇ ಇವೆ. ಅದಕ್ಕೇ ಪೆನ್‌ಡ್ರೈವಿನವ್ರು ಧೈರ್ಯವಾಗಿ "ಎಲ್ಲಾ ಬರ್ತದೆ" ಅನ್ನೋದು.

ಆದ್ರೆ ತಿಂಗಳ ಪ್ಯಾಚ್ ಬೇರೆ, ವರ್ಷದ ವರ್ಷನ್ ಬೇರೆ. ವಿಂಡೋಸ್ 11 ಪ್ರತಿ ವರ್ಷ ಒಂದು ಹೊಸ ವರ್ಷನ್ ಬಿಡುತ್ತೆ, 23ಎಚ್2, 24ಎಚ್2, 25ಎಚ್2 ಹೀಗೆ, ಹೋಂ ಮತ್ತು ಪ್ರೋಗೆ ಒಂದೊಂದರ ಆಯಸ್ಸು ಎರಡೇ ವರ್ಷ. ಸರಿಯಾದ ಸಿಸ್ಟಂಗಳಲ್ಲಿ ಮುಂದಿನ ವರ್ಷನ್ ತಾನಾಗೇ ಬರುತ್ತೆ. ಬೈಪಾಸ್ ಆದ ಸಿಸ್ಟಂಗೆ ಹಾಗೆ ಬರುತ್ತೆ ಅಂತ ನೆಚ್ಕೊಳ್ಳೋ ಹಾಗಿಲ್ಲ, ಯಾರಾದ್ರೂ ಮತ್ತೆ ಪೆನ್‌ಡ್ರೈವ್ ತಂದು ಕೂತು ಮಾಡ್ಬೇಕು. ಮಾಡ್ಲಿಲ್ಲ ಅಂದ್ರೆ ಏನಾಗುತ್ತೆ ನೋಡಿ: ಹಿಂದೆ ಯಾರೋ 23ಎಚ್2 ಹಾಕ್ಕೊಟ್ಟು ಹೋದ್ರು, ಅದರ ಆಯಸ್ಸು 2025ರ ನವೆಂಬರ್ 11ಕ್ಕೆ ಮುಗೀತು. ಈಗ ಆ ಸಿಸ್ಟಮ್ಮು ವಿಂಡೋಸ್ 11 ಅಂತ ತೋರಿಸ್ತಾನೇ ಇದೆ, ಪ್ಯಾಚ್ ಮಾತ್ರ ಬರ್ತಿಲ್ಲ, ಮಾಲೀಕ "ನಮ್ದು 11, ನಮಗೇನು ಭಯ" ಅಂತ ಆರಾಮಾಗಿದಾನೆ. ಪಕ್ಕದಂಗಡಿಯ ಹಳೇ ವಿಂಡೋಸ್ 10 ಹೆಚ್ಚುವರಿ ಅಪ್‌ಡೇಟಿಗೆ ಸೇರ್ಕೊಂಡಿದ್ರೆ ಅದೇ ಇದಕ್ಕಿಂತ ಭದ್ರ.

ಇನ್ನೊಂದು, ಚೆಕಿಂಗ್ ತೆಗೆದ ಮಾತ್ರಕ್ಕೆ ಎಲ್ಲಾ ಗೋಡೆ ಬೀಳಲ್ಲ. 24ಎಚ್2ರಿಂದ ವಿಂಡೋಸ್ ಒಳಗಿನ ಕೋಡೇ ಪ್ರೊಸೆಸರಲ್ಲಿ ಪಾಪ್‌ಕೌಂಟ್, ಎಸ್‌ಎಸ್‌ಇ 4.2 ಅನ್ನೋ ಸೂಚನೆಗಳು ಇದ್ದೇ ಇರುತ್ತೆ ಅಂತ ನಂಬ್ಕೊಂಡು ನಡೆಯುತ್ತೆ. ಇಂಟೆಲ್ ಕೋರ್ 2 ಡುಯೋದಲ್ಲಿ ಅವಿಲ್ಲ, ಹಾಗಾಗಿ ಬೂಟೇ ಆಗಲ್ಲ, ಯಾವ ರಿಜಿಸ್ಟ್ರಿ ಸಾಲೂ ಇದಕ್ಕೆ ಮದ್ದಲ್ಲ. ಮೊದಲ ಜನರೇಷನ್ ಐ3, ಐ5ರಲ್ಲಿ ಇವೆ, ಸದ್ಯಕ್ಕೆ ಬಚಾವು. ನಾಳೆ ಬರೋ ವರ್ಷನ್ನು ಇನ್ನೊಂದು ಸೂಚನೆ ಕೇಳಿದ್ರೆ ಇನ್ನೊಂದು ಸಾಲು ಸಿಸ್ಟಂ ಉದುರುತ್ತೆ, ಮೈಕ್ರೋಸಾಫ್ಟ್ ಇವುಗಳ ಮೇಲೆ ಟೆಸ್ಟ್ ಮಾಡಲ್ಲ, ಆದ್ರಿಂದ ಮುಂಚೆ ಹೇಳೋ ಜವಾಬ್ದಾರೀನೂ ಅದಕ್ಕಿಲ್ಲ.

ಅಂದ್ರೆ ಬೈಪಾಸಲ್ಲಿ ಸಪೋರ್ಟ್ ಮಾಯ ಆಗಲ್ಲ, ಕಂಪನಿ ಹೆಗಲಿಂದ ಇಳಿದು ನಿಮ್ಮ ಹೆಗಲಿಗೆ ಬರುತ್ತೆ. ನಿಮ್ಮ ಮನೇಲಿ ಇಂಜಿನಿಯರಿಂಗ್ ಓದೋ ಹುಡ್ಗ ಇದಾನೆ, ಅವನೇ ವರ್ಷಕ್ಕೊಂದ್ಸಲ ಮಾಡ್ತಾನೆ ಅಂದ್ರೆ ಧಾರಾಳವಾಗಿ ಹಾಕಿ. ಅವನು ಕೆಲ್ಸ ಸಿಕ್ಕಿ ಬೆಂಗಳೂರಿಗೆ ಹೋದ ಮೇಲೆ ಯಾರು ಅನ್ನೋದನ್ನೂ ಯೋಚಿಸಿ.

10ರಲ್ಲೇ ಇನ್ನೊಂದು ವರ್ಷ

ಯಾಕೋ ಈ ದಾರಿ ನಮ್ಮ ಕಡೆ ಅಷ್ಟು ಪ್ರಚಾರ ಆಗಿಲ್ಲ, ಬಹುಶಃ ಇದರಲ್ಲಿ ಯಾರಿಗೂ ಸರ್ವಿಸ್ ಚಾರ್ಜ್ ಹುಟ್ಟಲ್ಲ ಅಂತಾನೋ ಏನೋ. ಇಎಸ್‌ಯು ಅನ್ನೋ ಹೆಚ್ಚುವರಿ ಸೆಕ್ಯೂರಿಟಿ ಅಪ್‌ಡೇಟ್ ಯೋಜನೆ, ಮನೆ ಬಳಕೆಯವ್ರಿಗೆ ಮೊದಲಿಗೆ ಘೋಷಿಸಿದ ಅವಧಿ 2026ರ ಅಕ್ಟೋಬರ್ 13ರ ತನಕ. ಸಿಸ್ಟಂ 22ಎಚ್2 ವರ್ಷನ್ನಲ್ಲಿರ್ಬೇಕು, ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗ್ಬೇಕು. ಸೆಟ್ಟಿಂಗ್ಸ್ ಒಳಗೆ ವಿಂಡೋಸ್ ಅಪ್‌ಡೇಟ್ ಪೇಜಲ್ಲೇ ಸೇರ್ಕೊಳ್ಳೋ ಲಿಂಕ್ ಬರುತ್ತೆ. ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ಫ್ರೀ, ಅದು ಬೇಡ ಅಂದ್ರೆ 1000 ರಿವಾರ್ಡ್ಸ್ ಪಾಯಿಂಟು, ಅದೂ ಬೇಡ ಅಂದ್ರೆ 30 ಡಾಲರ್. ಒಂದು ಅಕೌಂಟಿಗೆ 10 ಸಿಸ್ಟಂ ತನಕ ಆಗುತ್ತೆ. ತಡವಾಗಿ ಸೇರಿದ್ರೂ ತಪ್ಪಿಹೋದ ಪ್ಯಾಚುಗಳೂ ಒಟ್ಟಿಗೆ ಬರ್ತವೆ.

ಕಂಪನಿಗಳಿಗೆ ಬೇರೆ ರೇಟು, ಒಂದು ಸಿಸ್ಟಂಗೆ ಮೊದಲ ವರ್ಷ 61 ಡಾಲರ್, ಪ್ರತಿ ವರ್ಷ ಡಬಲ್ ಆಗ್ತಾ ಮೂರು ವರ್ಷದ ತನಕ. ಶಾಲೆ ಕಾಲೇಜಿಗೆ ಮಾತ್ರ ಮೊದಲ ವರ್ಷ 1 ಡಾಲರ್, ಆಮೇಲೆ 2, ಆಮೇಲೆ 4. ಲ್ಯಾಬಲ್ಲಿ ನಲವತ್ತು ಹಳೇ ಸಿಸ್ಟಂ ಇರೋ ಕಾಲೇಜು ಮೂರು ವರ್ಷಕ್ಕೆ ಸಿಸ್ಟಂ ಒಂದಕ್ಕೆ 7 ಡಾಲರಲ್ಲಿ ಮುಗಿಸ್ಬೋದು, ಇಷ್ಟು ಅಗ್ಗದ ಪರಿಹಾರ ಇದ್ದಾಗ ಲ್ಯಾಬ್ ಪೂರ್ತಿ ಬೈಪಾಸ್ ಮಾಡ್ಸೋದು ಹುಚ್ಚುತನ.

ಇದಕ್ಕೆ ಸೇರ್ಕೊಂಡ್ರೆ ಇನ್ನೊಂದು ಲಾಭ ಇದೆ. ಸೆಕ್ಯೂರ್ ಬೂಟ್ ನಂಬ್ಕೊಂಡಿರೋ 2011ರ ಸರ್ಟಿಫಿಕೇಟುಗಳ ಅವಧಿ 2026ರ ಜೂನಿಂದ ಮುಗೀತಾ ಬರುತ್ತೆ, ಹೊಸವು ಬರೋದು ಅಪ್‌ಡೇಟ್ ಮೂಲಕ. ಬರದೇ ಹೋದ್ರೂ ಸಿಸ್ಟಂ ಬೂಟ್ ಆಗುತ್ತೆ, ಬೂಟ್ ಹಂತದ ಮುಂದಿನ ರಿಪೇರಿಗಳು ಮಾತ್ರ ಅದಕ್ಕೆ ಸಿಗಲ್ಲ. ಜೂನಲ್ಲಿ ಮತ್ತೆ "ಸಿಸ್ಟಮ್ಮೇ ಆನಾಗಲ್ವಂತೆ" ಅನ್ನೋ ಸುದ್ದಿ ಹರಡಿದ್ರೆ ಇದು ನೆನಪಿರ್ಲಿ.

ಲಿನಕ್ಸು, ನುಡಿ, ಟ್ಯಾಲಿ

ವಿಂಡೋಸ್ ಬದಲು ಹಾಕ್ಕೊಳ್ಳೋ ಲಿನಕ್ಸಲ್ಲಿ ಹಲವು ಬಗೆ ಇವೆ. ಲಿನಕ್ಸ್ ಮಿಂಟ್ 22, ಉಬುಂಟು 24.04 ಇವೆರಡಕ್ಕೂ 2029ರ ತನಕ ಸಪೋರ್ಟಿದೆ, ಫ್ರೀ, ಟಿಪಿಎಂ ಕೇಳಲ್ಲ. ಜ಼ೋರಿನ್ ಅಂತೂ ತನ್ನ 18ನೇ ವರ್ಷನ್ನನ್ನ ಬೇಕಂತಲೇ ಅಕ್ಟೋಬರ್ 14ಕ್ಕೇ ಬಿಡುಗಡೆ ಮಾಡ್ತು. ಬ್ರೌಸರು, ಯೂಟ್ಯೂಬು, ಆನ್‌ಲೈನ್ ಫಾರಂ ಇಷ್ಟೇ ಕೆಲ್ಸ ಇರೋ ಮನೆಗೆ ಇದಕ್ಕಿಂತ ಒಳ್ಳೇ ಉತ್ತರ ಇಲ್ಲ, ಪೆನ್‌ಡ್ರೈವಿಂದಲೇ ಓಡಿಸಿ ನೋಡಿ ಆಮೇಲೆ ಹಾಕ್ಬೋದು.

ಸಿಗಾಕ್ಕೊಳ್ಳೋದು ಕೆಲಸದ ಜಾಗದಲ್ಲಿ. ಮೈಸೂರಿನ ಕೋರ್ಟ್ ಹತ್ರ ಅರ್ಜಿ, ಅಫಿಡವಿಟ್ ಟೈಪ್ ಮಾಡೋ ಅಂಗಡಿ ಅಂದ್ಕೊಳ್ಳಿ. ಅಲ್ಲಿ ಹತ್ತು ಹದಿನೈದು ವರ್ಷದ ಫೈಲುಗಳು ನುಡಿಯ ಹಳೇ ಫಾಂಟಲ್ಲಿ, ಯೂನಿಕೋಡ್ ಅಲ್ಲದ ಕಾಲದ್ದು, ಇವೆ. ಆ ಫಾಂಟ್ ಇಲ್ಲದ ಕಡೆ ತೆಗೆದ್ರೆ "ಮಾನ್ಯ ನ್ಯಾಯಾಲಯದಲ್ಲಿ" ಅನ್ನೋ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕಿ ಎಲ್ಲಾ ಕಲಸಿದ ಚಿತ್ರಾನ್ನ ಕಾಣುತ್ತೆ. ಫಾಂಟ್ ಫೈಲನ್ನ ಲಿನಕ್ಸಿಗೆ ಹಾಕ್ಕೊಂಡ್ರೆ ಓದೋಕೆ ಬರುತ್ತೆ, ತಿದ್ದೋದು ಕಷ್ಟ, ನುಡಿ ಸಾಫ್ಟ್‌ವೇರ್ ವಿಂಡೋಸಿನದ್ದು. ಹೊಸದಾಗಿ ಯೂನಿಕೋಡಲ್ಲಿ ಟೈಪ್ ಮಾಡೋಕೆ ತೊಂದ್ರೆ ಇಲ್ಲ, ಲಿನಕ್ಸಲ್ಲಿ ಟೈಪಿಂಗ್ ಭಾಷೆ ನೋಡ್ಕೊಳ್ಳೋ ಐಬಸ್ ಒಳಗೆ ನುಡಿಯದ್ದೇ ಕೆಜಿಪಿ ಕೀಬೋರ್ಡ್ ಇದೆ, ಬೆರಳಿಗೆ ಅದೇ ಅಭ್ಯಾಸ. ಪಕ್ಕದಲ್ಲಿರೋ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರನ್ನ ಲಿನಕ್ಸಲ್ಲಿ ಆಡಿಸೋದು ತಲೆನೋವು, ಆ ಪ್ರಿಂಟರ್ ಯಾವ ಡಿಟಿಪಿ ಅಂಗಡೀಲಿಲ್ಲ ಹೇಳಿ.

ಮಂಡ್ಯ ಕಡೆ ರೈಸ್ ಮಿಲ್ಲು, ಗೊಬ್ಬರದಂಗಡಿ ಕಥೆ ಟ್ಯಾಲೀದು. ಟ್ಯಾಲಿಪ್ರೈಮ್ ಲಿನಕ್ಸಿಗೆ ನೇರವಾಗಿ ಇಲ್ಲ. ಆಡಿಟರ್ ಆಫೀಸಲ್ಲಿ ಡಿಜಿಟಲ್ ಸಿಗ್ನೇಚರ್ ಟೋಕನ್ ಸೇರ್ಕೊಂಡ್ರೆ ಇನ್ನೊಂದು ಗಂಟು. ಇಂಥವ್ರಿಗೆ ಲಿನಕ್ಸ್ ಹಾಕಿ ಅಂತ ಉಪದೇಶ ಮಾಡೋದು ಸುಲಭ, ಮಾರ್ಚ್ ಕೊನೆ ವಾರ ಅವ್ರ ಪಕ್ಕ ಕೂತು ನೋಡಿದ್ರೆ ಆ ಮಾತು ಬರಲ್ಲ.

ದುಡ್ಡಿನ ಲೆಕ್ಕ

"ಹೊಸದೇ ತಗೊಳ್ಳಿ" ಅನ್ನೋದು ಮಾಮೂಲಿ ಸಲಹೆ, ಈ ವರ್ಷ ಅದು ದುಬಾರಿ ಸಲಹೆ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪನ್ನ ಬಾಚ್ಕೊಂಡು ಹೋಗ್ತಿರೋದ್ರಿಂದ 2025ರ ಕೊನೆಯಿಂದ ರ‍್ಯಾಮ್ ರೇಟು ಜೋರಾಗಿ ಏರಿದೆ. ಮೈಕ್ರಾನ್ ಕಂಪನಿ 2025ರ ಡಿಸೆಂಬರಲ್ಲಿ ಗ್ರಾಹಕರಿಗೆ ನೇರ ಮಾರ್ತಿದ್ದ ಕ್ರೂಷಲ್ ಬ್ರ್ಯಾಂಡನ್ನೇ ಮುಚ್ತೀವಿ ಅಂತ ಹೇಳ್ತು. ರ‍್ಯಾಮ್, ಎಸ್ಎಸ್‌ಡಿ ಏರಿದ್ರೆ ಲ್ಯಾಪ್‌ಟಾಪ್ ಏರುತ್ತೆ, ಅದರ ಮೇಲೆ 18% ಜಿಎಸ್‌ಟಿ. ಸಪೋರ್ಟ್ ನಿಂತ ಸಮಯಕ್ಕೇ ಹೊಸದರ ರೇಟು ಏರಿರೋದು ಕಾಕತಾಳೀಯ ಅಷ್ಟೇ, ಜೇಬಿಗೆ ಅದೆಲ್ಲ ಗೊತ್ತಾಗಲ್ಲ. ಇದರಿಂದ ಎಂಟನೇ ಜನರೇಷನ್ನಿನ ಸೆಕೆಂಡ್ ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪುಗಳಿಗೆ ಬೇಡಿಕೆ ಬರೋದು ಸಹಜ, ಕೊಳ್ಳೋಕೆ ಹೋದಾಗ ಡಬ್ಬದ ಮೇಲಿನ ಸ್ಟಿಕರ್ ನಂಬ್ಬೇಡಿ, ಆನ್ ಮಾಡ್ಸಿ ಪ್ರೊಸೆಸರ್ ನಂಬರ್ ಓದಿ. ಐ7 ಅಂತ ಹೊಳೆಯೋ ಸ್ಟಿಕರ್ ಹಿಂದೆ ನಾಲ್ಕನೇ ಜನರೇಷನ್ ಇರ್ಬೋದು, ಐ3-8100 ಅದಕ್ಕಿಂತ ಇವತ್ತು ಉಪಯೋಗಕ್ಕೆ ಬರುತ್ತೆ.

ಹಾಗಾಗಿ ಸದ್ಯಕ್ಕೆ ನನ್ನ ಲೆಕ್ಕ ಇಷ್ಟು. ಜನರ ಆಧಾರ್, ಬ್ಯಾಂಕ್ ವಿವರ, ಸಹಿ ಟೋಕನ್ ಮುಟ್ಟೋ ಸಿಸ್ಟಂಗೆ ಬೈಪಾಸ್ ಬೇಡ, ಇಎಸ್‌ಯು ಹಾಕ್ಕೊಂಡು ಆ ಅವಧಿಯೊಳಗೆ ಸರಿಯಾದ ಸಿಸ್ಟಂಗೆ ದುಡ್ಡು ಹೊಂದಿಸ್ಕೊಳ್ಳಿ. ಮನೇಲಿ ನೋಡ್ಕೊಳ್ಳೋರಿದ್ರೆ ಬೈಪಾಸು, ಇಲ್ದಿದ್ರೆ ಮಿಂಟು. ಕೋರ್ 2 ಡುಯೋಗೆ ಮಿಂಟ್ ಒಂದೇ ಗತಿ, ಅದೂ ಎಸ್ಎಸ್‌ಡಿ ಹಾಕಿದ್ರೆ.

ಯಾವುದೇ ಮಾಡ್ಸಿ, ಫಾರ್ಮ್ಯಾಟಿಗೆ ಕೊಡೋಕೆ ಮುಂಚೆ ಟ್ಯಾಲಿ ಡೇಟಾ ಫೋಲ್ಡರ್, ನುಡಿ ಫೈಲುಗಳು, ಜೊತೆಗೆ ನುಡಿ ಫಾಂಟುಗಳು, ಮೂರನ್ನೂ ಬೇರೆ ಡಿಸ್ಕಿಗೆ ಹಾಕ್ಕೊಳ್ಳಿ. ಫೈಲ್ ಉಳಿಸ್ಕೊಂಡು ಫಾಂಟ್ ಮರೆಯೋರೇ ಜಾಸ್ತಿ. ಬೈಪಾಸೇ ಮಾಡ್ಸಿದ್ರೆ ಯಾವ ವರ್ಷನ್ ಹಾಕಿದ್ರಿ ಅಂತ ಕೇಳಿ ಅದರ ಆಯಸ್ಸು ಮುಗಿಯೋ ತಾರೀಕು ಒಂದು ಚೀಟೀಲಿ ಬರೆದು ಡಬ್ಬದ ಮೇಲೆ ಅಂಟಿಸಿ: 24ಎಚ್2 ಆದ್ರೆ 2026ರ ಅಕ್ಟೋಬರ್ 13, 25ಎಚ್2 ಆದ್ರೆ 2027ರ ಅಕ್ಟೋಬರ್ 12. ಪೆನ್‌ಡ್ರೈವಿನವ್ರ ಫೋನ್ ನಂಬರೂ ಅದೇ ಚೀಟೀಲಿರ್ಲಿ, ಆ ತಾರೀಕಿಗೆ ಒಂದು ತಿಂಗಳ ಮುಂಚೆ ಅವ್ರನ್ನೇ ಕರೀಬೇಕಾಗುತ್ತೆ.